ಜವುಗಿನ ಆಚೆ ದಡ

ನನ್ನ ಗಂಡನನ್ನು ಜೊತೆಯವರು ‘ಗೂಟ’ ಎಂದೇ ಕರೆಯುವುದು. ನಿಂತರೆ ನಿಂತರು, ಅಲುಗಾಡುವವರಲ್ಲ. ಕಾಡುಪ್ರಾಣಿಗಳ ಸಾಕ್ಷ್ಯಚಿತ್ರಗಳಿಗೆ ಕ್ಯಾಮೆರಾ ಹಿಡಿಯುವ ಕೆಲಸ, ಆದರೆ ಪ್ರಾಣಿ ಇವರ ಪಾಲಿಗಿಲ್ಲ. ಬೆಟ್ಟ, ನೀರು, ಮಂಜು, ಬರೀ ಬಯಲು. “ಹುಲಿ ಬೇರೆಯವರಿಗೆ, ಹುಲಿ ಎದ್ದುಹೋದ ಜಾಗ ನಿಮಗೆ” ಎಂದು ರೇಗಿಸುತ್ತಿದ್ದೆ. ಅದೆಲ್ಲ ನನ್ನ ತಮ್ಮ ಇದ್ದಾಗಿನ ಮಾತು.

ತಮ್ಮ ಇವರ ಸಹಾಯಕ. ಚಿತ್ರದೊಳಗೆ ದನವೋ ಜನವೋ ನುಗ್ಗದಂತೆ ಆಚೆ ತುದಿಯಲ್ಲಿ ಕಾಯುತ್ತಿದ್ದ. ಕೂಗಿದರೆ ಹಕ್ಕಿಗಳು ಏಳುತ್ತವಲ್ಲ, ಅದಕ್ಕೇ ಇಬ್ಬರ ನಡುವೆ ಒಂದು ಸನ್ನೆ. ಕೈ ಎತ್ತಿದರೆ ಎಲ್ಲ ಸರಿಯಿದೆ, ಅಲುಗಾಡಬೇಡಿ, ಕ್ಯಾಮೆರಾ ಓಡಲಿ ಎಂದರ್ಥ.

ಹೋದ ಚಳಿಗಾಲ ಜವುಗಿನ ಆಚೆ ದಡದಲ್ಲಿ ಅವನು ಕೈ ಎತ್ತಿದ. ಇವರು ಅಲುಗಾಡಲಿಲ್ಲ. ಮಂಜು ಮುಚ್ಚುವವರೆಗೂ ಕ್ಯಾಮೆರಾ ಓಡಿಸಿದರು. ಅವನು ಕೆಸರಿನಲ್ಲಿ ಹೂತುಹೋಗುತ್ತಿದ್ದದ್ದು ಈ ದಡಕ್ಕೆ ಕಾಣಲಿಲ್ಲ, ಜೊಂಡು ಅಡ್ಡವಿತ್ತು. ಇವರ ತಪ್ಪೇ? ಅಲ್ಲ. ಹಾಗಂತ ನನಗೆ ನಾನೇ ಸಾವಿರ ಸಲ ಹೇಳಿಕೊಂಡಿದ್ದೇನೆ. ಆದರೂ ಬಡಿಸುವಾಗ ಒಮ್ಮೊಮ್ಮೆ ಇವರ ಮುಖ ನೋಡಿದರೆ ಹೊಟ್ಟೆ ಉರಿಯುತ್ತದೆ.

ಅಂದಿನಿಂದ ನಾನು ಅಟ್ಟದ ಡಬ್ಬಿಗೆ ಕೈ ಎತ್ತಿದರೂ ಇವರು ಲೋಟ ಹಿಡಿದು ಹಾಗೇ ನಿಂತುಬಿಡುತ್ತಾರೆ. ಆ ಸನ್ನೆಯ ವಿಷಯ ನಮ್ಮಿಬ್ಬರಿಗೇ ಗೊತ್ತು. ಕಾಲು ಜಾರಿ ಹೋದ, ಯಾರೂ ನೋಡಲಿಲ್ಲ ಎಂದು ಅಮ್ಮನಿಗೆ ಹೇಳಿದ್ದೇವೆ.

“ರೀ, ಚಿತ್ರದಿಂದ ಆ ತುಣುಕು ತೆಗೆಸಿಬಿಡಿ. ಅಮ್ಮ ನೋಡಿದ್ರೆ ಉಳಿಯಲ್ಲ” ಎಂದು ಅಂಗಲಾಚಿದ್ದೆ. ಹೂಂ ಅಂದಿದ್ದರು.

ಮೊನ್ನೆ ಸಂಜೆ ಟಿವಿಯಲ್ಲಿ ಚಿತ್ರ ಬಂತು. ಅಮ್ಮ ಕನ್ನಡಕ ಒರೆಸಿಕೊಂಡು ಎದುರಿಗೇ ಕೂತಳು. ಇವರು ಬಾಗಿಲ ಬಳಿ ನಿಂತರು. ಜಿಂಕೆ ಹೋಯಿತು, ಕೊಕ್ಕರೆ ಹೋಯಿತು. ಆಮೇಲೆ ಬಂತು ಆ ಜವುಗು. ಜೊಂಡಿನ ಮೇಲೆ ಸಾಸಿವೆಯಷ್ಟು ತಲೆ, ಒಂದು ಕೈ. ನಾನು ಎದ್ದು ಇವರ ಪಕ್ಕಕ್ಕೆ ಸರಿದೆ.

“ತೆಗೆಸ್ಲಿಲ್ವಾ?” ಹಲ್ಲು ಕಚ್ಚಿ ಕೇಳಿದೆ.

“ಅವನು ಉಳಿದಿರೋದು ಅದೊಂದರಲ್ಲೇ ಕಣೆ. ಮನಸ್ಸು ಬರಲಿಲ್ಲ.”

ಅಮ್ಮನ ಮುಖ ಅರಳಿತು. “ಅಯ್ಯೋ, ನನ್ನ ಮಗ! ಅಳಿಯಂದ್ರೇ, ಕೈ ಎತ್ತಿ ನಿಮ್ಮನ್ನೇ ಕರೀತಿದಾನೆ, ನೋಡಿ, ಹೀಗೆ!” ಎಂದು ತಾನೂ ಕೈ ಎತ್ತಿ ಇವರತ್ತ ತಿರುಗಿದಳು. ಇವರ ಮುಖ ನೋಡಿ ದನಿ ಇಳಿಸಿದಳು. “ಹೋದ್ರಾ ನೀವು?”

ಪರದೆಯಲ್ಲಿ ಮಂಜು ಮುಚ್ಚಿತು, ಜಾಹೀರಾತು ಬಂತು. ಅಮ್ಮ ಕೈ ಇಳಿಸಲಿಲ್ಲ. ಇವರು ಅಲುಗಾಡಲಿಲ್ಲ.