ಮೂರನೆಯವನಿಗೆ ಮಗ್ಗುಲಿಲ್ಲ

ನಮ್ಮಪ್ಪ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಕೊಳೆತ ಕರುಳಿನ ನಾತ ಅವರಿಗೆ ರೂಢಿಯಾಗಿತ್ತು. ರೂಢಿಯಾಗದೆ ಉಳಿದದ್ದು ಇನ್ನೊಬ್ಬರ ಬೆವರು.

ಕಾರ್ಮಿಕರ ವಸತಿಯಲ್ಲಿ ಇಬ್ಬರಿಗೆ ಒಂದೇ ಮಂಚ. ಅಪ್ಪನದು ಹಗಲು ಪಾಳಿ, ಮಂಜುಗಡ್ಡೆ ಹೊರುವ ಕುಳ್ಳನದು ರಾತ್ರಿ ಪಾಳಿ. ಒಬ್ಬ ಎದ್ದ ಬಿಸಿಯಲ್ಲೇ ಇನ್ನೊಬ್ಬ ಮಲಗಬೇಕು. ಅದಕ್ಕೆ ಅವರೇ ಒಂದು ಕಟ್ಟಳೆ ಮಾಡಿಕೊಂಡಿದ್ದರು. ಹಾಸಿಗೆಯ ಒಂದು ಮಗ್ಗುಲಿಗೆ ಕೆಂಪು ದಾರ ಹೊಲಿದಿದ್ದರು. ದಾರವಿದ್ದ ಮಗ್ಗುಲು ಅಪ್ಪನದು, ಇಲ್ಲದ್ದು ಕುಳ್ಳನದು. ಎದ್ದವನು ಹಾಸಿಗೆ ಮಗುಚಿ ಹೋಗಬೇಕು. ಹತ್ತು ವರ್ಷ ಜಗಳವಿಲ್ಲದೆ ಕಳೆಯಿತು.

ಆಮೇಲೆ ಮೇಸ್ತ್ರಿ ಹೊಸಬನೊಬ್ಬನನ್ನು ತಂದ. ಅವನಿಗೂ ಹಗಲು ಪಾಳಿ, ಅದೇ ಮಂಚ, ದಾರದ ಅದೇ ಮಗ್ಗುಲು. ದಿಂಬಿನ ಮೇಲೆ ಅವನ ಜೊಲ್ಲು, ಎಣ್ಣೆಯ ಜಿಡ್ಡು, ಉದುರಿದ ಕೂದಲು. ಅಪ್ಪ ಒಂದೂವರೆ ತಿಂಗಳು ಅವನ ಕಂಕುಳಿಗೆ ಮೂಗು ಕೊಟ್ಟು ಮಲಗಿದರು. ಬೆರಳ ಸಂದಿಗಳಲ್ಲಿ ಕಜ್ಜಿ ಎದ್ದಿತು. ಕೀವಾದ ಕೈಯನ್ನು ಉಪ್ಪುನೀರಿನ ತೊಟ್ಟಿಗೆ ಇಳಿಸುವಂತಿಲ್ಲ. ಇಳಿಸದಿದ್ದರೆ ಕೆಲಸವಿಲ್ಲ.

ಒಂದು ಭಾನುವಾರ ಮನೆಗೆ ಬಂದ ಅಪ್ಪ ಕೆರೆದುಕೊಳ್ಳುತ್ತಲೇ ಕೇಳಿದರು, "ಏನ್ ಓದ್ತಿದ್ದೀಯ ಮಗಳೇ?"

"ಎಲೆಕ್ಟ್ರಾನ್ ವಿಷಯ ಅಪ್ಪ. ಪರಮಾಣುವಿನಲ್ಲಿ ಒಂದೊಂದು ನೆಲೆಗೆ ಎರಡೇ. ಒಂದು ಮೇಲ್ಮುಖ, ಒಂದು ಕೆಳಮುಖ, ನಿಮ್ ಹಾಸಿಗೆ ತರ. ಮೂರನೇದು ಮೇಲಿನ ನೆಲೆಗೆ ಹೋಗ್ಬೇಕು."

"ಯಾಕೆ, ಒಂದನ್ನೊಂದು ತಳ್ತವಾ?"

"ತಳ್ಳೋದು ಕಾರಣ ಅಲ್ಲ. ವಿದ್ಯುತ್ತೇ ಇಲ್ಲದ ನ್ಯೂಟ್ರಾನಿಗೂ ಇದೇ ಕಟ್ಟಳೆ. ಎರಡು ಎಲೆಕ್ಟ್ರಾನೂ ತದ್ರೂಪು. ಅದಲುಬದಲು ಮಾಡಿದ್ರೆ ಅವುಗಳ ಲೆಕ್ಕದಲ್ಲಿ ಕೂಡೋ ಚಿಹ್ನೆ ಕಳೆಯೋದಾಗ್ಬೇಕು. ಎರಡೂ ಒಂದೇ ಸ್ಥಿತಿಯಲ್ಲಿದ್ರೆ ಬದಲಾಯಿಸಿದ್ರೂ ಏನೂ ಬದಲಾಗಲ್ಲ. ಚಿಹ್ನೆ ತಿರುಗಲೂ ಬೇಕು, ಹಾಗೇ ಇರಲೂ ಬೇಕು. ಅಂಥದ್ದು ಸೊನ್ನೆ ಒಂದೇ. ಸೊನ್ನೆ ಅಂದ್ರೆ ಆ ಸ್ಥಿತಿನೇ ಇಲ್ಲ."

ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಪ್ಪ, ಕುಳ್ಳ ಸರದಿಯಲ್ಲಿ ಮಲಗುವವರು. ಎಲೆಕ್ಟ್ರಾನುಗಳು ಒಟ್ಟಿಗೇ ಇರುತ್ತವೆ. ಹಾಗೆಂದು ಹೇಳಿದರೂ ಅಪ್ಪ ಕೇಳಿಸಿಕೊಳ್ಳಲಿಲ್ಲ.

"ನಿನ್ ಎಲೆಕ್ಟ್ರಾನ್‌ಗೆ ಮೇಸ್ತ್ರಿ ಇಲ್ಲ, ಪುಣ್ಯ ಮಾಡಿವೆ. ನಮ್ಮೋನು ಸೊನ್ನೆಗೂ ಹಾಸಿಗೆ ಹಾಸ್ತಾನೆ."

ಮರುದಿನ ರಾತ್ರಿ ಅಪ್ಪ ಹಾಸಿಗೆ ಹೊತ್ತು ಹೋಗಿ, ಊಟಕ್ಕೆ ಕುಳಿತಿದ್ದ ಮೇಸ್ತ್ರಿಯ ಮೇಜಿನ ಮೇಲೆ ಹಾಸಿದರು. ಬೆವರಿನ ಹಳದಿ ಕಲೆ ಅವನ ತಟ್ಟೆಯ ಅಂಚಿಗೆ ತಾಗಿತು.

"ಎತ್ತಯ್ಯಾ ಅದನ್ನ, ತಿಂದಿದ್ದು ಆಚೆ ಬರ್ತಿದೆ."

"ನನಗೆ ಒಂದೂವರೆ ತಿಂಗಳಿಂದ ಬರ್ತಿದೆ. ಇಬ್ಬರು ಎರಡು ಮಗ್ಗುಲಲ್ಲಿ ಮಲಗ್ತೀವಿ. ಮೂರನೇ ಮಗ್ಗುಲು ಎಲ್ಲಿದೆ ತೋರಿಸಿ ಸ್ವಾಮಿ, ಎತ್ತುತ್ತೀನಿ."

ಮೇಸ್ತ್ರಿ ಮೂಗು ಮುಚ್ಚಿಕೊಂಡೇ ಮಹಡಿಯ ಮೇಲಿನ ಕೋಣೆಯ ಬೀಗದಕೈ ಎಸೆದ. ಅಲ್ಲಿ ಮೊಣಕಾಲೆತ್ತರ ಪಾರಿವಾಳದ ಹಿಕ್ಕೆ. ಅಲ್ಲಿಗೆ ಹೋಗಬೇಕಾದ ಹೊಸಬ ಮುಖ ಹುಳ್ಳಗೆ ಮಾಡಿದ.

"ಬಾಚಿ ಹಾಕು, ಹೋಗುತ್ತೆ. ಮನುಷ್ಯರದ್ದು ಹೋಗಲ್ಲ," ಎಂದರು ಅಪ್ಪ.

ಹಳೆಯ ಹಾಸಿಗೆಯನ್ನು ಅಪ್ಪ, ಕುಳ್ಳ ಇಬ್ಬರೂ ಹಿತ್ತಲಲ್ಲಿ ಸುಟ್ಟರು. ಅದು ಉರಿಯುವಾಗಲೂ ನಾರಿತಂತೆ. ಅಪ್ಪನ ಕೈ ವಾಸಿಯಾಗಿ ತೊಟ್ಟಿಗಿಳಿಯಲು ತಿಂಗಳು ಹಿಡಿಯಿತು. ಹೊಸ ಹಾಸಿಗೆ ಬಂದ ದಿನ ಕುಳ್ಳ, ಅದರ ಮೇಲೆ ಕೂರುವ ಮೊದಲೇ, ಸೂಜಿಗೆ ಕೆಂಪು ದಾರ ಪೋಣಿಸಿದ.