ಸೋಮವಾರದ ತುಟಿ

"ನನ್ನ ತುಟಿ ನೋಡಿದ್ರೆ ಜೇನುಹುಳಕ್ಕೆ ಮುತ್ತು ಕೊಟ್ಟು ಬಂದ ಹಾಗಿದೆ, ಅಲ್ವಾ? ವಾರವೆಲ್ಲ ಅಂಗಡೀಲಿ ಮಶಿನ್ ತುಳೀತೀನಿ, ಏನೂ ಆಗಲ್ಲ. ಸೋಮವಾರ ರಜಾ ಅಂತ ಮನೇಲಿ ಕೂತು ಸೊಸೆ ಬಡಿಸಿದ್ದು ತಿಂದ್ರೆ ಸಾಕು, ಊತ, ಕೆರೆತ, ನೀರು ಸೋರೋದು. ನಾನು ಯಾರ ಮೇಲೂ ದೂರು ಹೇಳೋಳಲ್ಲಮ್ಮ. ಆದ್ರೆ ಅಡುಗೆ ನನ್ನ ಕೈಲಿದ್ದಾಗ ಈ ಬಾಯಿಗೆ ಬೈಯೋದು ಬಿಟ್ರೆ ಬೇರೆ ಕಾಯಿಲೆ ಇರಲಿಲ್ಲ."

ಹೀಗೆ ಯಾರ ಮೇಲೂ ದೂರು ಹೇಳದೆ ಟೈಲರಮ್ಮ ಇಡೀ ಬೀದಿಗೆ ಹೇಳಿ ಮುಗಿಸಿದರು. ಸೊಸೆಯ ಕಿವಿಗೂ ಬಿತ್ತು. ಅವಳು ಗಂಡನೆದುರು ಒಂದೇ ಮಾತು ಆಡಿದಳು: "ಚರ್ಮದ ಡಾಕ್ಟರಿಗೆ ತೋರಿಸೋಣ. ನನ್ನ ಅಡುಗೇನೇ ಕಾರಣ ಅಂದ್ರೆ ನಾವು ಬೇರೆ ಮನೆ ಮಾಡೋಣ."

ಬಾಗಿಲಾಚೆಯಿಂದ ಇದು ಕೇಳಿ ಟೈಲರಮ್ಮ ಹೆದರಿದರು. ಮಗ ಹೊರಟರೆ ಮೊಮ್ಮಗಳೂ ಹೊರಡುತ್ತಾಳೆ. ಆದರೆ ಆಡಿದ ಮಾತು ನುಂಗುವ ಗಂಟಲನ್ನು ದೇವರು ಅವರಿಗೆ ಕೊಟ್ಟಿರಲಿಲ್ಲ.

ಮೈಗೆ ಯಾವುದು ಒಗ್ಗುತ್ತಿಲ್ಲ ಎಂದು ತಿಳಿಯಲು ಡಾಕ್ಟರಮ್ಮ ಟೈಲರಮ್ಮನ ಬೆನ್ನಿಗೆ ಚಿಕ್ಕ ಚಿಕ್ಕ ಪಟ್ಟಿ ಅಂಟಿಸಿದರು. ಒಂದರಲ್ಲಿ ಮಸಾಲೆ, ಒಂದರಲ್ಲಿ ಸುಗಂಧ, ಒಂದರಲ್ಲಿ ಲೋಹ. ಎರಡು ದಿನ ಬಿಟ್ಟು ಕಿತ್ತಾಗ ಬೆನ್ನು ಹಾಳೆಯಂತೆ ನಿರ್ಮಲ. "ಇನ್ನೆರಡು ದಿನ ಕಾಯಬೇಕು" ಎಂದು ಡಾಕ್ಟರಮ್ಮ ಹೇಳಿದ್ದು ಟೈಲರಮ್ಮನಿಗೆ ಕೇಳಿಸಲೇ ಇಲ್ಲ.

"ನೋಡಿದ್ಯಾ? ಡಾಕ್ಟರ ಸಾಮಾನೆಲ್ಲ ನಿರಪರಾಧಿ. ಇನ್ನು ಉಳಿದಿದ್ದು ನಿನ್ನ ಬಾಣಲೆ!"

ಸೊಸೆ ಅಂದೇ ಹೋಗಿ ಬಾಡಿಗೆ ಮನೆ ನೋಡಿ ಬಂದಳು.

ಮರುದಿನ ಬೆನ್ನು ಕೆರೆಯತೊಡಗಿತು. ಕೈ ಎಟುಕದೆ ಕೊನೆಗೆ ಸೊಸೆಯನ್ನೇ ಕರೆಯಬೇಕಾಯಿತು. "ಒಂದು ಚೌಕ ಕೆಂಡದ ಹಾಗಿದೆ, ಅತ್ತೆ. ನಡೀರಿ."

ಡಾಕ್ಟರಮ್ಮ ನೋಡಿದರು. "ನಿಕಲ್ ಅನ್ನೋ ಲೋಹ ನಿಮಗೆ ಒಗ್ಗಲ್ಲ. ಬಾಯಲ್ಲಿ ಲೋಹ ಏನಾದ್ರೂ ಇಟ್ಕೊತೀರಾ?"

ಸೊಸೆಯೇ ಹೇಳಿದಳು: "ಶನಿವಾರ ಗಿರಾಕಿಗಳಿಗೆ ಬಟ್ಟೆ ತೊಡಿಸಿ ನೋಡುವಾಗ ತುಟಿ ತುಂಬ ಗುಂಡುಸೂಜಿ, ಡಾಕ್ಟ್ರೇ. ಅತ್ತೆ ಸುಮ್ಮನಿರೋದು ಆಗ ಮಾತ್ರ."

"ಹುಡುಗಿಯಾಗಿದ್ದಾಗಿಂದ ಕಚ್ತಿದ್ದೀನಿ! ಅಲ್ಲದೆ ಶನಿವಾರ ಕಚ್ಚಿದ್ರೆ ಸೋಮವಾರ ಯಾಕೆ ಊದುತ್ತೆ?"

ಡಾಕ್ಟರಮ್ಮ ಹೇಳಿದರು: "ಗುಂಡುಸೂಜಿಗೆ ನಿಕಲ್ ಲೇಪ ಇರುತ್ತೆ. ರಕ್ತದಲ್ಲಿ ಟಿ ಕೋಶ ಅಂತ ಕಾವಲುಗಾರರು ಇದ್ದಾರೆ, ಅಜ್ಜಿ. ಯಾವತ್ತೋ ಒಮ್ಮೆ ಅವರು ನಿಕಲ್ಲನ್ನ ಶತ್ರು ಅಂತ ಗುರುತಿಟ್ಕೊಂಡಿದ್ದಾರೆ. ಈಗ ಮತ್ತೆ ಕಂಡ್ರೆ ತಕ್ಷಣ ಹೊಡೆಯೋದಿಲ್ಲ. ಬಂದು ಸೇರಿ, ತಮ್ಮ ಸಂಖ್ಯೆ ಹೆಚ್ಚಿಸ್ಕೊಂಡು, ಬೇರೆ ಕೋಶಗಳನ್ನೂ ಕೂಗಿ ಕರೀತಾರೆ. ಅದಕ್ಕೇ ಒಂದೆರಡು ದಿನ ತಡ. ಊತ ಆಗೋದು ಅವರ ಗಲಾಟೆಗೆ, ಸೂಜಿಯ ವಿಷಕ್ಕಲ್ಲ."

ಟೈಲರಮ್ಮ ತುಟಿ ಸವರಿಕೊಂಡರು.

"ಹಾಗಾದ್ರೆ ಅವರು ನನ್ನ ರಕ್ತದವರೇ, ಅನುಮಾನ ಬೇಡ. ಹಳೇ ಸಿಟ್ಟು ಬಿಡೋಲ್ಲ, ಊರು ಸೇರಿಸದೆ ಜಗಳಕ್ಕೆ ಬರೋಲ್ಲ, ಕೊನೆಗೆ ತಮ್ಮ ಮನೇನೇ ಹಾಳು ಮಾಡ್ತಾರೆ!"

ಅಂದು ಸಂಜೆ ಅದೇ ಬೀದಿಯಲ್ಲಿ ಮನೆಮನೆಯ ಬಾಗಿಲಲ್ಲೂ ನಿಂತರು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದೆ ಕಣ್ರೀ. ಸೊಸೆ ಅಡುಗೆ ಚಿನ್ನ. ನನ್ನ ಬಾಯೇ ನನಗೆ ಶತ್ರು."

ಮನೆಗೆ ಬಂದಾಗ ಸೊಸೆ ಒಲೆಯ ಮುಂದಿದ್ದಳು. ತಿರುಗಿ ನೋಡದೆ ಅಂದಳು: "ಬಾಡಿಗೆ ಮನೆಯವರಿಗೆ ಬೇಡ ಅಂದುಬಿಟ್ಟೆ. ಸುಮ್ನೆ ನಿಲ್ಲಬೇಡಿ ಅತ್ತೆ, ಆ ಈರುಳ್ಳಿ ಸುಲಿದು ಕೊಡಿ."

ಟೈಲರಮ್ಮ ಬುಟ್ಟಿ ಎಳೆದುಕೊಂಡು ಕೂತು ಈರುಳ್ಳಿ ಸುಲಿಯತೊಡಗಿದರು.