‘ನಮ್ಮದು’ ಎಂದರೆ ಯಾರದು?

ಹೊಸದಾಗಿ ದೇಶಕ್ಕೆ ಬಂದವರಿಗೆ ಬ್ಯಾಂಕ್ ಖಾತೆ ತೆರೆದುಕೊಡುವ ಕೆಲಸವನ್ನು ಮೆಚ್ಚಿ ಹಿಡಿದು, ಬಡ್ತಿ ಬಂದಾಗಲೂ ಆ ಮೇಜನ್ನು ಬಿಡದ ನಮ್ಮ ಹಿರಿಯ ಸಹೋದ್ಯೋಗಿ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಶಾಖೆಯಲ್ಲಿ ಎಲ್ಲರಿಗೂ ಅವರು ‘ಖಾತೆ ಅಕ್ಕ’.

ಅಕ್ಕನೂ ಮದುವೆಯಾಗಿ ಇಲ್ಲಿಗೆ ಬಂದವರು. ಮನೆಯಿಲ್ಲದೆ ಖಾತೆಯಿಲ್ಲ, ಖಾತೆಯಿಲ್ಲದೆ ಬಾಡಿಗೆ ಮನೆಯಿಲ್ಲ ಎಂಬ ಗಾಣದಲ್ಲಿ ತಾವೇ ಸುತ್ತಿದ್ದರಿಂದ, ವಿಳಾಸದ ಪುರಾವೆಯಿಲ್ಲದೆ ಬಂದವರನ್ನು ಅವರು ಬರಿಗೈಯಲ್ಲಿ ಕಳಿಸಿದವರಲ್ಲ. ಕೆಲಸ ಕೊಟ್ಟವರಿಗೆ ಫೋನು ಮಾಡಿ ಪತ್ರ ತರಿಸುತ್ತಿದ್ದರು. ಅದು ಬರುವವರೆಗೆ ಎದುರಿಗಿದ್ದವರನ್ನು ನಗಿಸುತ್ತಿದ್ದರು.

ಇಷ್ಟು ಹೊಗಳಿದರೂ ಅವರು ಮುಖ ತಿರುಗಿಸುತ್ತಾರೆ. ಅವರ ಮನಸ್ಸಿನಲ್ಲಿ ಉಳಿದಿರುವವಳು ಒಬ್ಬಳೇ.

ಸೇವೆಯ ಆರಂಭದಲ್ಲಿ, ಹೊಲಿಗೆ ಕಾರ್ಖಾನೆಗೆ ಸೇರಿದ್ದ ಹೊಸಬಳೊಬ್ಬಳು ಗಂಡನ ಜೊತೆ ಬಂದು, “ಅಕ್ಕಾ, ನಮ್ಮದೊಂದು ಖಾತೆ ಮಾಡ್ಕೊಡಿ” ಎಂದಳು. ತನ್ನೊಬ್ಬಳನ್ನೇ ಹೆತ್ತವಳನ್ನೂ ತಾನು ಉಟ್ಟ ಸೀರೆಯನ್ನೂ ‘ನಮ್ಮ’ ಎಂದೇ ಹೇಳುವ ಭಾಷೆ ಅಕ್ಕನದೂ ಹೌದು. ಆದರೆ ದಿನವಿಡೀ ಈ ದೇಶದ ಮಾತಿಗೆ ಪಳಗಿದ್ದ ಕಿವಿ, ಅದನ್ನು ‘ನಮ್ಮಿಬ್ಬರದು’ ಎಂದು ಕೇಳಿಸಿಕೊಂಡಿತು. ಜಂಟಿ ಖಾತೆ ಆಯಿತು. ಗಂಡ ಹೂಂ ಎಂದ. ಅವಳು ಏನೋ ಹೇಳಹೊರಟು, ಗಂಡನ ಮುಖ ನೋಡಿ ಸಹಿ ಹಾಕಿದಳು.

ತವರಿನಲ್ಲಿ ತಾಯಿ ಹಾಸಿಗೆ ಹಿಡಿದ ಸುದ್ದಿ ಬಂದಾಗ, ವಿಮಾನದ ಟಿಕೆಟ್ಟಿಗೆಂದು ಹಣ ತೆಗೆಯಲು ಅವಳು ಒಬ್ಬಳೇ ಬಂದಳು. ಕೂಡಿಟ್ಟಿದ್ದೆಲ್ಲವನ್ನೂ ಗಂಡ ಕಾರಿನ ಮುಂಗಡಕ್ಕೆ ತೆಗೆದಿದ್ದ. ಕಾನೂನಿನ ಕಣ್ಣಲ್ಲಿ ತಪ್ಪೇನೂ ಇರಲಿಲ್ಲ. ಅವಳು ಜಗಳವಾಡಲಿಲ್ಲ.

“ನಮ್ಮದು ಅಂದಿದ್ದು ನನ್ನದು ಅಂತ. ಬೇರೆಯವರಾದ್ರೆ ಬಿಡಿಸಿ ಹೇಳ್ತಿದ್ದೆ. ನಿಮಗೆ ಗೊತ್ತಾಗುತ್ತೆ ಅಂದ್ಕೊಂಡೆ ಅಕ್ಕಾ.”

ಅಕ್ಕ ಆಗಿಂದಾಗಲೇ ಅವಳ ಹೆಸರಿಗೆ ಬೇರೆ ಖಾತೆ ತೆರೆದರು. ಟಿಕೆಟ್ಟಿಗೆ ತಾವೇ ಹಣ ಕೊಡಹೋದರೆ ಅವಳು ಮುಟ್ಟಲಿಲ್ಲ. ಮುಂದಿನ ಸಂಬಳ ಅದರಲ್ಲಿ ಬೀಳುವ ಮೊದಲೇ ತಾಯಿ ತೀರಿಕೊಂಡರು. ಮತ್ತೆ ಅವಳು ನಮ್ಮ ಶಾಖೆಗೆ ಬರಲಿಲ್ಲ.

ಆಮೇಲೆ ಯಾವ ದಂಪತಿ ಬಂದರೂ ಅಕ್ಕ, ಜೆರಾಕ್ಸ್ ಮಾಡಿಸಿಕೊಂಡು ಬನ್ನಿ ಎಂದು ಗಂಡನನ್ನು ಹೊರಗೆ ಸಾಗಹಾಕಿ, ಹೆಂಗಸಿನ ಕಡೆ ಕುರ್ಚಿ ಎಳೆದುಕೊಂಡು, “ಈಗ ಹೇಳಮ್ಮ, ನಿನಗೇನು ಬೇಕು?” ಎಂದು ಕೇಳುತ್ತಿದ್ದರು. ಅಕ್ಕ ಸಂಸಾರ ಒಡೀತಾರೆ ಎಂದು ಗೊಣಗಿದ ಯಜಮಾನರೊಬ್ಬರಿಗೆ, “ಖಾತೆ ಎರಡಾದ್ರೆ ಒಲೇನೂ ಎರಡಾಗುತ್ತಾ ಸಾರ್?” ಎಂದು ನಗುತ್ತಲೇ ಉತ್ತರ ಕೊಟ್ಟಿದ್ದರು.

ಮುಂದಿನ ವಾರದಿಂದ ಅವರು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂತು ಹೊಸಬರಿಗೆ ನೆರವಾಗಲಿದ್ದಾರೆ. ಅವರ ಆಯುಷ್ಯ ದೀರ್ಘವಾಗಲಿ, ಆರೋಗ್ಯ ಚೆನ್ನಾಗಿರಲಿ. ಆ ಹಳೆಯ ನೋವು ಮಾಯಲಿ ಎಂದು ಹಾರೈಸಲು ಮಾತ್ರ ನಮಗೆ ಬಾಯಿ ಬರುತ್ತಿಲ್ಲ; ನಮ್ಮೂರಿನ ಎಷ್ಟೋ ಹೆಂಗಸರು ಅದರ ಋಣದಲ್ಲಿದ್ದಾರೆ.